ಗಾಳಿಯಲ್ಲಿನ ಕಲ್ನಾರು: ಎಣಿಸುವ ಕಣ್ಣಿಗೂ ಪರೀಕ್ಷೆ ಬೇಕು

(ಮಾಕುಟ್ಟದಲ್ಲಿ ಸೇರಿದ್ದ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣದ ಪಾಠ)



ಕುಟುಂಬ ಕಲ್ಯಾಣ ಎಂದೊಡನೆ ಗರ್ಭಿಣಿಯ ಆರೈಕೆ, ಮಕ್ಕಳ ನಡುವಣ ಅಂತರ, ಶಿಶುವಿಗೆ ಹಾಕಿಸುವ ಚುಚ್ಚುಮದ್ದು ಇವುಗಳು ತಮ್ಮ ನೆನಪಿಗೆ ಬರುವುದು ಸಹಜ. ಇವೆಲ್ಲವೂ ಅತ್ಯವಶ್ಯಕವಾದವುಗಳೇ ಸರಿ. ಆದರೆ ಮಿತವಾದ ಸಂಸಾರವನ್ನು ಕಟ್ಟಿಕೊಂಡ ಗಂಡ ಹೆಂಡಿರು ಆ ಸಂಸಾರದೊಡನೆ ಬಹುಕಾಲ ಆರೋಗ್ಯದಿಂದ ಬಾಳಬೇಕಾದರೆ, ದುಡಿಯುವವರ ಶ್ವಾಸಕೋಶವೂ ಕಾಪಾಡಲ್ಪಡಬೇಕು. ಈ ದೃಷ್ಟಿಯಿಂದ ಇಂದು ತಮ್ಮ ಮುಂದೆ ಕಲ್ನಾರಿನ ಧೂಳಿನ ವಿಷಯವನ್ನೂ, ಆ ಧೂಳನ್ನು ಪ್ರಯೋಗಾಲಯದಲ್ಲಿ ಹೇಗೆ ಎಣಿಸುತ್ತಾರೆ, ಎಣಿಸುವವರ ಲೆಕ್ಕ ಸರಿಯೋ ತಪ್ಪೋ ಎಂಬುದನ್ನು ಹೇಗೆ ಪರೀಕ್ಷಿಸುತ್ತಾರೆ ಎಂಬುದನ್ನೂ ವಿವರಿಸಲು ಇಚ್ಛಿಸುತ್ತೇನೆ. ಪ್ರಯೋಗಾಲಯದ ಮಾತು ಹಳ್ಳಿಯವರಿಗೇಕೆ ಎಂದು ತಾವು ಕೇಳಬಹುದು. ಅಲ್ಲಿ ಬರೆಯುವ ಒಂದು ಅಂಕಿಯ ಮೇಲೆ ಇಲ್ಲಿಂದ ದುಡಿಯಲು ಹೋದವನ ಆಯುಸ್ಸು ನಿಂತಿರಬಹುದು. ಅವನ ಬಟ್ಟೆ ಒಗೆಯುವ ಹೆಂಡತಿಯ ಆಯುಸ್ಸೂ ನಿಂತಿರಬಹುದು. ಇದೇ ನನ್ನ ಉತ್ತರ.

ಕಲ್ನಾರು ಎಂದರೇನು?

ಹೆಸರೇ ಹೇಳುವಂತೆ ಇದು ಕಲ್ಲಿನೊಳಗಿನ ನಾರು. ಬೇಡರ ಬಲೆಯ ದಾರದಂತೆ, ತೆಂಗಿನ ಸಿಪ್ಪೆಯ ನಾರಿನಂತೆ ಎಳೆ ಎಳೆಯಾಗಿ ಬಿಡಿಸಬಹುದಾದ ಖನಿಜ. ಬೆಂಕಿಗೆ ಸುಡದು, ನೀರಿಗೆ ಕೊಳೆಯದು, ಎಳೆದರೆ ಬೇಗ ಹರಿಯದು. ಬಿಳಿ, ನೀಲಿ, ಕಂದು ಎಂದು ಇದರಲ್ಲಿ ಬಗೆಗಳುಂಟು. ಕ್ರೈಸೊಟೈಲ್, ಕ್ರೊಸಿಡೊಲೈಟ್, ಅಮೊಸೈಟ್ ಎಂಬುವು ಅವುಗಳ ಶಾಸ್ತ್ರೀಯ ನಾಮಗಳು. ನಮ್ಮ ಕರ್ನಾಟಕದಲ್ಲಿಯೂ ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಣ ಬಂಡೆಗಳಲ್ಲಿ ಕಲ್ನಾರು ಇದ್ದು, ಹಿಂದೆ ಅದನ್ನು ತೆಗೆಯುತ್ತಿದ್ದರು. 1986ರಿಂದ ಭಾರತ ಸರ್ಕಾರವು ಕಲ್ನಾರಿನ ಗಣಿಗೆ ಹೊಸ ಗುತ್ತಿಗೆ ಕೊಡುವುದನ್ನು ನಿಲ್ಲಿಸಿತು. 1993ರಲ್ಲಿ ಹಳೆಯ ಗುತ್ತಿಗೆಗಳ ನವೀಕರಣವನ್ನೂ ನಿಲ್ಲಿಸಿತು. ಆದರೆ ಹೊರದೇಶಗಳಿಂದ ತರಿಸಿದ ಬಿಳಿ ಕಲ್ನಾರನ್ನು ಸಿಮೆಂಟಿನೊಡನೆ ಬೆರೆಸಿ ಚಾವಣಿಯ ಶೀಟುಗಳನ್ನು ಮಾಡುವ ಉದ್ಯಮ ನಮ್ಮ ದೇಶದಲ್ಲಿ ಮುಂದುವರಿದಿದೆ. 60ಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ.

ಮಳೆ ಧಾರಾಕಾರವಾಗಿ ಸುರಿಯುವ ಈ ಘಟ್ಟದ ಸೀಮೆಯಲ್ಲಿ ಸಿಮೆಂಟು ಶೀಟು ಯಾರಿಗೆ ಅಪರಿಚಿತ? ತೋಟದ ಲೈನ್ ಮನೆ, ದನದ ಕೊಟ್ಟಿಗೆ, ಕಟ್ಟಿಗೆಯ ಗುಡಾರ, ಅಂಗಡಿಯ ಮುಂಚಾಚು, ಎಲ್ಲೆಲ್ಲಿಯೂ ಅದು ಕಾಣಸಿಗುತ್ತದೆ. ಗಟ್ಟಿಯಾಗಿ ಕುಳಿತಿರುವ, ಒಡೆಯದ ಶೀಟಿನಲ್ಲಿ ಎಳೆಗಳು ಸಿಮೆಂಟಿನೊಳಗೆ ಬಂಧಿತವಾಗಿರುತ್ತವೆ. ಅದರ ಕೆಳಗೆ ಮಲಗಿದ ಮಾತ್ರಕ್ಕೆ ಭೀತಿಪಡಬೇಕಾಗಿಲ್ಲ. ಅದನ್ನು ಕೊಯ್ದಾಗ, ಕೊರೆದಾಗ, ಉಜ್ಜಿದಾಗ, ಒಡೆದು ಪುಡಿ ಮಾಡಿದಾಗ ಎಳೆಗಳು ಬಿಡುಗಡೆಯಾಗಿ ಗಾಳಿಯನ್ನು ಸೇರುತ್ತವೆ. ಆಗಲೇ ಅಪಾಯ.

ಒಗೆಯುವ ಬಟ್ಟೆಯಲ್ಲಿ ಬಂದ ರೋಗ

ಉಸಿರಿನೊಡನೆ ಒಳಹೊಕ್ಕ ಸೂಕ್ಷ್ಮ ಎಳೆಗಳಲ್ಲಿ ಕೆಲವನ್ನು ದೇಹವು ಹೊರದೂಡುತ್ತದೆ. ಉಳಿದವು ಶ್ವಾಸಕೋಶದ ಆಳದಲ್ಲಿ ನೆಲೆಸುತ್ತವೆ. ಅವುಗಳ ಸುತ್ತ ಮೃದುವಾದ ಅಂಗಾಂಶವು ಗಡುಸಾಗಿ, ಶ್ವಾಸಕೋಶವು ಹಿಗ್ಗುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಇದಕ್ಕೆ ಆಸ್ಬೆಸ್ಟೋಸಿಸ್ ಎಂದು ಹೆಸರು. ಶ್ವಾಸಕೋಶದ ಕ್ಯಾನ್ಸರ್, ಹಾಗೂ ಶ್ವಾಸಕೋಶವನ್ನು ಹೊದ್ದ ಪೊರೆಯಲ್ಲಿ ಹುಟ್ಟುವ ಮೀಸೋಥೀಲಿಯೋಮ ಎಂಬ ಕ್ಯಾನ್ಸರ್ ಕೂಡ ಇದರಿಂದ ಬರುತ್ತವೆ. ಈ ರೋಗಗಳು ಧೂಳು ಕುಡಿದ ಮರುದಿನ ಬರುವುದಿಲ್ಲ. ಅನೇಕ ವೇಳೆ 20ರಿಂದ 40 ವರ್ಷಗಳ ಬಳಿಕ ತೋರಿಕೊಳ್ಳುತ್ತವೆ. ಗಡುಸಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಔಷಧವು ವೈದ್ಯರ ಬಳಿ ಇಲ್ಲ. ಕಲ್ನಾರಿನ ಧೂಳು ಕುಡಿದವನು ಬೀಡಿ ಸಿಗರೇಟನ್ನೂ ಸೇದುವವನಾದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಅನೇಕ ಪಟ್ಟು ಹೆಚ್ಚುತ್ತದೆ.

1960ರಲ್ಲಿ ದಕ್ಷಿಣ ಆಫ್ರಿಕದ ಕೇಪ್ ಪ್ರಾಂತದ ಕಲ್ನಾರು ಗಣಿಗಳ ಸೀಮೆಯಿಂದ ಡಾ. ವ್ಯಾಗ್ನರ್ ಮತ್ತು ಸಂಗಡಿಗರು 33 ಮಂದಿ ಮೀಸೋಥೀಲಿಯೋಮ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಗಣಿಯಲ್ಲಿ ಎಂದೂ ದುಡಿಯದೆ ಕೇವಲ ಅದರ ಸಮೀಪ ವಾಸಿಸಿದವರೂ ಅವರಲ್ಲಿದ್ದರು. 1965ರಲ್ಲಿ ಲಂಡನ್ ನಗರದಲ್ಲಿ ನ್ಯೂಹೌಸ್ ಮತ್ತು ಥಾಂಪ್ಸನ್ ಎಂಬ ಇಬ್ಬರು ವಿದ್ವಾಂಸೆಯರು ಇಂತಹ ರೋಗಿಗಳ ಹಿಂದಿನ ಜೀವನವನ್ನು ವಿಚಾರಿಸಿದಾಗ, ತಾವೇ ಕಲ್ನಾರಿನ ಕೆಲಸ ಮಾಡದಿದ್ದರೂ ಮನೆಯವರೊಬ್ಬರು ಆ ಕೆಲಸದಲ್ಲಿದ್ದ 9 ಮಂದಿ ಕಂಡುಬಂದರು. ಅವರಲ್ಲಿ 7 ಮಂದಿ ಸ್ತ್ರೀಯರು. ಗಂಡನ ಕೆಲಸದ ಬಟ್ಟೆಯನ್ನು ಒಗೆದುದೇ ಅವರಲ್ಲಿ ಸಾಮಾನ್ಯವಾಗಿ ಕಂಡುಬಂದ ಕಾರಣ. ಸೋದರಿಯರೆ, ಈ ಸಂಗತಿಯನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಿ. ಕಾರ್ಖಾನೆಯ ಧೂಳು ಕಾರ್ಖಾನೆಯ ಗೇಟಿನೊಳಗೇ ನಿಲ್ಲುವುದಿಲ್ಲ. ಅಂಗಿಯ ಮಡಿಕೆಯಲ್ಲಿ ಕುಳಿತು ಮನೆಗೆ ಬರುತ್ತದೆ. ತಂದೆಯ ಕೊರಳಿಗೆ ಜೋತುಬೀಳುವ ಮಗುವಿಗೆ ಮುಂದೆ 50, 60 ವರ್ಷಗಳ ಬಾಳು ಇದೆ. ರೋಗವು ಬೆಳೆಯಲು ಬೇಕಾದ ಕಾಲಾವಕಾಶವೂ ಆ ಮಗುವಿಗೇ ಹೆಚ್ಚು.

ಕಣ್ಣಿಗೆ ಕಾಣದುದನ್ನು ಎಣಿಸುವುದು

ಹೊಗೆಯಾದರೆ ಕಣ್ಣು ಉರಿಯುತ್ತದೆ, ಕೊಳೆತುದಾದರೆ ಮೂಗು ತಿಳಿಸುತ್ತದೆ. ಕಲ್ನಾರಿನ ಎಳೆಗೆ ವಾಸನೆಯಿಲ್ಲ, ರುಚಿಯಿಲ್ಲ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅಪಾಯಕಾರಿಯಾದ ಎಳೆಗಳ ದಪ್ಪ 3 ಮೈಕ್ರಾನಿಗಿಂತ ಕಡಮೆ. ಆದುದರಿಂದ ಒಂದು ಸ್ಥಳದ ಗಾಳಿ ಸುರಕ್ಷಿತವೇ ಅಲ್ಲವೇ ಎಂಬುದನ್ನು ಎಣಿಸಿಯೇ ತಿಳಿಯಬೇಕು.

ಎಣಿಸುವ ವಿಧಾನ ಹೀಗಿದೆ. ದುಡಿಯುವವನ ಸೊಂಟಕ್ಕೆ ಬ್ಯಾಟರಿಯಿಂದ ನಡೆಯುವ ಒಂದು ಸಣ್ಣ ಪಂಪನ್ನು ಕಟ್ಟುತ್ತಾರೆ. ಅದರ ಕೊಳವೆಯ ತುದಿಯಲ್ಲಿ, ಕೊರಳಪಟ್ಟಿಯ ಬಳಿ, ಮೂಗಿಗೆ ಸಮೀಪವಾಗಿ ಒಂದು ಡಬ್ಬಿ. ಡಬ್ಬಿಯೊಳಗೆ 25 ಮಿಲಿಮೀಟರ್ ಅಗಲದ, ಬಿಳಿಯ ಕಾಗದದಂತಹ ಶೋಧಕ ಪೊರೆ. ಫಿಲ್ಟರು ಎಂದು ಕರೆಯೋಣ. ಪಂಪು ನಿಮಿಷಕ್ಕೆ 1 ಲೀಟರಿನಂತೆ 4 ಗಂಟೆ ಗಾಳಿಯನ್ನು ಎಳೆದರೆ 240 ಲೀಟರ್ ಗಾಳಿಯಲ್ಲಿದ್ದ ಎಳೆಗಳು ಆ ಪೊರೆಯ ಮೇಲೆ ಸಿಕ್ಕಿಬೀಳುತ್ತವೆ. ಪ್ರಯೋಗಾಲಯದಲ್ಲಿ ಪೊರೆಯ ಒಂದು ಭಾಗವನ್ನು ಕತ್ತರಿಸಿ ಗಾಜಿನ ಮೇಲಿಟ್ಟು ಅಸಿಟೋನಿನ ಆವಿ ಹಾಯಿಸುತ್ತಾರೆ. ಬಿಳಿಯ ಪೊರೆ ಗಾಜಿನಂತೆ ಪಾರದರ್ಶಕವಾಗುತ್ತದೆ. ಟ್ರೈಅಸಿಟಿನ್ ಎಂಬ ದ್ರವದ ತೊಟ್ಟನ್ನಿಟ್ಟು ತೆಳುಗಾಜನ್ನು ಮುಚ್ಚಿ, ವಿಶೇಷ ಬಗೆಯ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎಳೆಗಳು ಗೆರೆಗಳಂತೆ ಕಾಣುತ್ತವೆ.

ಕಂಡುದನ್ನೆಲ್ಲ ಎಣಿಸುವಂತಿಲ್ಲ. ಉದ್ದ 5 ಮೈಕ್ರಾನಿಗಿಂತ ಹೆಚ್ಚು, ದಪ್ಪ 3 ಮೈಕ್ರಾನಿಗಿಂತ ಕಡಮೆ, ಉದ್ದವು ದಪ್ಪದ 3 ಪಟ್ಟಿಗಿಂತ ಅಧಿಕವಾಗಿರುವ ಎಳೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ದೃಷ್ಟಿಕ್ಷೇತ್ರದಲ್ಲಿ ಒಂದು ಸಣ್ಣ ವೃತ್ತವಿರುತ್ತದೆ. ಎಳೆಯ ಎರಡು ತುದಿಯೂ ವೃತ್ತದೊಳಗಿದ್ದರೆ ಒಂದು, ಒಂದೇ ತುದಿ ಒಳಗಿದ್ದರೆ ಅರ್ಧ. ವಿಶ್ವ ಆರೋಗ್ಯ ಸಂಸ್ಥೆಯು 1997ರಲ್ಲಿ ಪ್ರಕಟಿಸಿದ ವಿಧಾನದಂತೆ 100 ಎಳೆಗಳು ಸಿಗುವವರೆಗೆ ಅಥವಾ 100 ವೃತ್ತಗಳು ಮುಗಿಯುವವರೆಗೆ ಎಣಿಸಬೇಕು. ಎಷ್ಟೇ ದಟ್ಟವಾಗಿದ್ದರೂ 20 ವೃತ್ತಗಳಿಗೆ ಕಡಮೆ ಮಾಡಕೂಡದು. ನಮ್ಮ ದೇಶದಲ್ಲಿಯೂ ಈ ಶೋಧಕ ಪೊರೆಯ ವಿಧಾನಕ್ಕೆ 11450 ಎಂಬ ಸಂಖ್ಯೆಯ ಭಾರತೀಯ ಮಾನಕವನ್ನು 1980ರ ದಶಕದಲ್ಲಿಯೇ ರೂಪಿಸಲಾಯಿತು.

ಒಂದು ಲೆಕ್ಕವನ್ನು ನೋಡೋಣ

ಮೇಲೆ ಹೇಳಿದ 240 ಲೀಟರಿನ ಫಿಲ್ಟರಿನಲ್ಲಿ 100 ವೃತ್ತಗಳನ್ನು ನೋಡಿ ಒಬ್ಬರು 100 ಎಳೆಗಳನ್ನು ಎಣಿಸಿದರೆನ್ನಿ. ವೃತ್ತದ ಅಡ್ಡಳತೆ 100 ಮೈಕ್ರಾನ್, ಧೂಳು ಬೀಳುವ ಪೊರೆಯ ಕ್ಷೇತ್ರ ಸುಮಾರು 380 ಚದರ ಮಿಲಿಮೀಟರ್. ಗುಣಿಸಿ ಭಾಗಿಸಿದರೆ ಗಾಳಿಯ ಪ್ರತಿ ಮಿಲಿಲೀಟರಿನಲ್ಲಿ 0.2 ಎಳೆ ಎಂದಾಗುತ್ತದೆ. ಅದೇ ಫಿಲ್ಟರನ್ನು ನೋಡಿದ ಇನ್ನೊಬ್ಬರು ತೆಳುವಾದ ಎಳೆಗಳನ್ನು ಗಮನಿಸದೆ 50ನ್ನು ಮಾತ್ರ ಎಣಿಸಿದರೆ ಉತ್ತರ 0.1. ಅಮೆರಿಕ ದೇಶದಲ್ಲಿ ಕೆಲಸದ ಸ್ಥಳಕ್ಕೆ 1994ರಲ್ಲಿ ವಿಧಿಸಿದ ಮಿತಿ ಇದೇ 0.1. ಮೊದಲನೆಯವರ ಲೆಕ್ಕದಂತೆ ಆ ಸ್ಥಳ ಮಿತಿಯ ಎರಡರಷ್ಟು ಕೆಟ್ಟದ್ದು. ಎರಡನೆಯವರ ಲೆಕ್ಕದಂತೆ ಉತ್ತೀರ್ಣ. ಗಾಳಿ ಒಂದೇ, ಫಿಲ್ಟರು ಒಂದೇ.

ಈ ವ್ಯತ್ಯಾಸವನ್ನು ಉಸಿರಿನ ಲೆಕ್ಕಕ್ಕೆ ತಿರುಗಿಸಿರಿ. ಶ್ರಮದ ಕೆಲಸ ಮಾಡುವವನು 8 ಗಂಟೆಯ ಪಾಳಿಯಲ್ಲಿ ಸುಮಾರು 10,000 ಲೀಟರ್ ಗಾಳಿಯನ್ನು ಸೇವಿಸುತ್ತಾನೆ. 0.1ರ ಲೆಕ್ಕದಲ್ಲಿ ದಿನಕ್ಕೆ 10 ಲಕ್ಷ ಎಳೆ, 0.2ರ ಲೆಕ್ಕದಲ್ಲಿ 20 ಲಕ್ಷ. ಎಣಿಸುವವರ ಕಣ್ತಪ್ಪಿನಲ್ಲಿ ದಿನಕ್ಕೆ 10 ಲಕ್ಷ ಎಳೆಗಳು ಕಾಗದದ ಮೇಲಿಂದ ಮಾಯವಾದವು. ಶ್ವಾಸಕೋಶದಿಂದ ಒಂದೂ ಮಾಯವಾಗಲಿಲ್ಲ.

ಆದುದರಿಂದ ಎಣಿಸುವವರನ್ನೂ ಆಗಾಗ್ಗೆ ಪರೀಕ್ಷೆಗೆ ಒಡ್ಡುವುದು ಅವಶ್ಯ. ಇದು ತಮಗೆ ಹೊಸ ಸಂಗತಿಯೇನಲ್ಲ. ಜ್ವರ ಬಂದಾಗ ಆರೋಗ್ಯ ಕಾರ್ಯಕರ್ತರು ತಮ್ಮ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತಲೇಪ ತೆಗೆಯುವುದನ್ನು ಕಂಡಿರುವಿರಿ. ಮಲೇರಿಯ ಇಲ್ಲವೆಂದು ಬರೆದ ಲೇಪಗಳಲ್ಲಿಯೂ ಒಂದು ಪಾಲನ್ನು ಬೇರೆಡೆಗೆ ಕಳುಹಿಸಿ ಮತ್ತೊಬ್ಬರಿಂದ ನೋಡಿಸುವ ಪದ್ಧತಿಯಿದೆ. ಸಂತೆಯ ತಕ್ಕಡಿಯ ಬಟ್ಟುಗಳಿಗೆ ಸರ್ಕಾರಿ ಮುದ್ರೆ ಹಾಕಿಸುವುದೂ ಇದೇ ತತ್ತ್ವದಿಂದ. ತೂಗುವ ಬಟ್ಟೇ ಸವೆದಿದ್ದರೆ ಮೆಣಸಿನ ತೂಕ ಸರಿಬರುವುದೆಂತು?

ತಪಾಸಣೆಯ ಮಾದರಿಗಳನ್ನು ಸಿದ್ಧಪಡಿಸುವುದು

ಬಟ್ಟು ಲೋಹದ್ದು, ಒಂದು ಕಿಲೋ ಎಂದರೆ ಒಂದು ಕಿಲೋ. ಕಲ್ನಾರಿನ ಎಳೆಗಳಿಗೆ ಅಂತಹ ಬಟ್ಟನ್ನು ಎರಕ ಹೊಯ್ಯಲಾಗದು. ಹತ್ತಾರು ಪ್ರಯೋಗಾಲಯಗಳಿಗೆ ಒಂದೇ ಸಮನಾದ ಎಳೆಗಳಿರುವ ಫಿಲ್ಟರುಗಳನ್ನು ಕಳುಹಿಸಬೇಕು. ಆಗ ಮಾತ್ರ ಉತ್ತರ ಬೇರೆಯಾದರೆ ತಪ್ಪು ಎಣಿಸಿದವರದೆಂದು ಹೇಳಬಹುದು. ಫಿಲ್ಟರುಗಳೇ ಒಂದಕ್ಕೊಂದು ಅಸಮವಾಗಿದ್ದರೆ ನಿರಪರಾಧಿಗಳಿಗೆ ಶಿಕ್ಷೆಯಾಗುತ್ತದೆ, ತಪ್ಪು ಮಾಡಿದವರು ಪಾರಾಗುತ್ತಾರೆ. ಈ ಸಮತೆಯನ್ನು ತರುವುದೇ ಕಷ್ಟದ ಕೆಲಸ. ಅದನ್ನು ಹಂತ ಹಂತವಾಗಿ ಹೇಳುತ್ತೇನೆ.

ಮೊದಲನೆಯದು, ಬಗೆ ಗೊತ್ತಿರುವ ಶುದ್ಧ ಕಲ್ನಾರಿನ ಆಯ್ಕೆ. ಬಿಳಿಯ ಕಲ್ನಾರಿನ ಎಳೆ ಸುರುಳಿಯಾಗಿ ಬಹಳ ತೆಳುವಾಗಿರುತ್ತದೆ, ಕಂದಿನದು ನೆಟ್ಟಗೆ ಕಡ್ಡಿಯಂತೆ ಇರುತ್ತದೆ. ನೆಟ್ಟಗಿನ ಎಳೆಯನ್ನು ಸರಿಯಾಗಿ ಎಣಿಸಿದವರು ಸುರುಳಿಯ ಎಳೆಯಲ್ಲಿ ತಪ್ಪಬಹುದು. ಆದ್ದರಿಂದ ಎರಡು ಬಗೆಯ ಮಾದರಿಗಳೂ ಬೇಕು.

ಎರಡನೆಯದು, ಗಾಳಿಯಲ್ಲಿ ತೇಲಿಸುವುದು. ಕಲ್ನಾರಿನ ಪುಡಿಯನ್ನು ನೀರಿನಲ್ಲಿ ಕಲಕಿ ಪೊರೆಯ ಮೂಲಕ ಸೋಸುವುದು ಸುಲಭವೆಂದು ತೋರಬಹುದು. ಆದರೆ ನೀರಿನಲ್ಲಿ ಎಳೆಗಳು ಗಂಟುಕಟ್ಟುತ್ತವೆ, ಇಲ್ಲವೆ ಬಿಡಿಬಿಡಿಯಾಗಿ ಸೀಳಿಹೋಗುತ್ತವೆ; ಗಾಳಿಯಿಂದ ಹಿಡಿದ ಫಿಲ್ಟರಿನಂತೆ ಅದು ಕಾಣುವುದಿಲ್ಲ. ಆದುದರಿಂದ ಬಿಗಿಯಾಗಿ ಮುಚ್ಚಿದ ಒಂದು ಪೆಟ್ಟಿಗೆಯಲ್ಲಿ ಅತ್ಯಲ್ಪ ಪ್ರಮಾಣದ ಕಲ್ನಾರನ್ನು ಗಾಳಿಯ ಒತ್ತಡದಿಂದ ಎಬ್ಬಿಸಿ ಧೂಳಿನ ಮೋಡವನ್ನು ಉಂಟುಮಾಡುತ್ತಾರೆ. ದಪ್ಪನೆಯ ಗಂಟುಗಳು ಕೆಳಗೆ ಕುಳಿತುಕೊಳ್ಳಲು ಸಮಯ ಕೊಟ್ಟು, ತೇಲುತ್ತಿರುವ ನವುರಾದ ಎಳೆಗಳನ್ನು ಮಾತ್ರ ಬಳಸುತ್ತಾರೆ. ಪೆಟ್ಟಿಗೆಯಿಂದ ಹೊರಹೋಗುವ ಗಾಳಿಯನ್ನೆಲ್ಲ ಅತಿಸೂಕ್ಷ್ಮ ಶೋಧಕದಿಂದ ಸೋಸಲೇಬೇಕು. ರೋಗವನ್ನು ತಡೆಯಲು ಮಾಡುವ ಕೆಲಸದಲ್ಲಿ ಮಾಡುವವರೇ ರೋಗಕ್ಕೆ ತುತ್ತಾಗಬಾರದು.

ಮೂರನೆಯದು, ಏಕಕಾಲದ ಸಂಗ್ರಹ. ಒಂದಾದ ಮೇಲೊಂದರಂತೆ ಫಿಲ್ಟರುಗಳನ್ನು ಹಿಡಿದರೆ ಮೊದಲಿನದಕ್ಕೆ ದಟ್ಟವಾದ ಧೂಳು, ಕೊನೆಯದಕ್ಕೆ ವಿರಳವಾದ ಧೂಳು. ಬಫೆಯ ಊಟದಲ್ಲಿ ಹಿಂದೆ ನಿಂತವನಿಗೆ ಸಾರಿನ ತಿಳಿ ಮಾತ್ರ ಸಿಗುವಂತೆ. ಆದುದರಿಂದ ಒಂದೇ ಮೋಡದ ಸುತ್ತ ಅನೇಕ ಬಾಯಿಗಳುಳ್ಳ ಉಪಕರಣವನ್ನಿಟ್ಟು, ಎಲ್ಲ ಬಾಯಿಗಳಲ್ಲಿಯೂ ಒಂದೇ ವೇಗದಲ್ಲಿ, ಒಂದೇ ಹೊತ್ತಿನಲ್ಲಿ ಗಾಳಿಯನ್ನು ಎಳೆಯುತ್ತಾರೆ. ಪ್ರತಿ ಬಾಯಿಗೂ ನಿಖರವಾದ ಒಂದೇ ಅಳತೆಯ ರಂಧ್ರವಿರುವುದರಿಂದ ಯಾವುದಕ್ಕೂ ಹೆಚ್ಚುಕಡಮೆಯಾಗದು. ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿ ವಿದ್ಯುದಾವೇಶ ಉಂಟಾದರೆ ಎಳೆಗಳು ಪೊರೆಗೆ ಬೀಳದೆ ಡಬ್ಬಿಯ ಗೋಡೆಗೆ ಅಂಟಿಕೊಳ್ಳುವುದರಿಂದ, ವಿದ್ಯುತ್ತನ್ನು ಹರಿಯಗೊಡುವ ಡಬ್ಬಿಗಳನ್ನೇ ಉಪಯೋಗಿಸಬೇಕು.

ನಾಲ್ಕನೆಯದು, ದಟ್ಟಣೆಯಲ್ಲಿ ವೈವಿಧ್ಯ. ಎಳೆಯುವ ಕಾಲವನ್ನು ಹೆಚ್ಚುಕಡಮೆ ಮಾಡಿ ವಿರಳ, ಮಧ್ಯಮ, ದಟ್ಟ ಎಂಬ ಮೂರು ತರದ ಫಿಲ್ಟರುಗಳನ್ನು ಮಾಡುತ್ತಾರೆ. ಅತಿ ದಟ್ಟವಾದಾಗ ಎಳೆಯ ಮೇಲೆ ಎಳೆ ಬಿದ್ದು ಎಣಿಕೆ ಕಡಮೆಯಾಗುತ್ತದೆ. ಅತಿ ವಿರಳವಾದಾಗ ಬೇಸರದಿಂದ ಕಣ್ಣು ಜಾರುತ್ತದೆ. ನಿಜವಾದ ಕೆಲಸದ ಸ್ಥಳದಲ್ಲಿ ಸಿಮೆಂಟಿನ ಪುಡಿ ಮೊದಲಾದ ಇತರ ಧೂಳೂ ಬೆರೆತಿರುವುದರಿಂದ ಅಂತಹ ಸ್ಥಳದಿಂದ ಹಿಡಿದ ಫಿಲ್ಟರುಗಳನ್ನೂ ಸೇರಿಸುವುದುಂಟು. ಏನೂ ಇಲ್ಲದ ಬರಿಯ ಫಿಲ್ಟರನ್ನೂ ನಡುವೆ ಇಡುತ್ತಾರೆ. ಇಲ್ಲದುದನ್ನು ಇದೆ ಎನ್ನುವ ಕಣ್ಣೂ ಅಪಾಯಕಾರಿಯಷ್ಟೆ.

ಐದನೆಯದು, ಸಮತೆಯ ಪರಿಶೀಲನೆ. ತಯಾರಾದ ಗುಂಪಿನಿಂದ ಕೆಲವು ಫಿಲ್ಟರುಗಳನ್ನು ಚೀಟಿ ಎತ್ತಿದಂತೆ ಆರಿಸಿ, ನುರಿತ ಹಲವರಿಂದ ಎಣಿಸುತ್ತಾರೆ. ಪೊರೆಯ ನಡುವಿನಲ್ಲಿಯೂ ಅಂಚಿನಲ್ಲಿಯೂ ಒಂದೇ ದಟ್ಟಣೆಯಿದೆಯೇ ಎಂದು ನೋಡುತ್ತಾರೆ. ಒಂದಿಷ್ಟು ವ್ಯತ್ಯಾಸ ಸ್ವಾಭಾವಿಕ. ಅಂಗಳದಲ್ಲಿ ಸಾಸಿವೆ ಎರಚಿ ಸಮ ಅಳತೆಯ ಚೌಕಗಳಲ್ಲಿ ಎಣಿಸಿದರೆ ಎಲ್ಲ ಚೌಕಗಳಲ್ಲಿಯೂ ಒಂದೇ ಸಂಖ್ಯೆ ಬರಲಾರದು. ಸರಾಸರಿ 100 ಎಳೆ ಇರಬೇಕಾದಲ್ಲಿ ಕೇವಲ ಆಕಸ್ಮಿಕದಿಂದಲೇ 80ರಿಂದ 120ರವರೆಗೆ ಬರಬಹುದೆಂದು ಗಣಿತಶಾಸ್ತ್ರ ಹೇಳುತ್ತದೆ. ಅದನ್ನು ಮೀರಿ ಫಿಲ್ಟರು ಫಿಲ್ಟರಿಗೂ ಅಂತರ ಕಂಡರೆ ಆ ಇಡೀ ಗುಂಪನ್ನು ತಿರಸ್ಕರಿಸಬೇಕು.

ಆರನೆಯದು, ರವಾನೆ. ಧೂಳು ಕುಳಿತ ಮುಖ ಮೇಲಾಗಿರುವಂತೆ ಫಿಲ್ಟರನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು, ಅಲುಗದಂತೆ ಕಟ್ಟಿ ಕಳುಹಿಸುತ್ತಾರೆ. ಇಲ್ಲವೆ ಮೊದಲೇ ಪಾರದರ್ಶಕ ಮಾಡಿ ಗಾಜಿನಲ್ಲಿ ಶಾಶ್ವತವಾಗಿ ಬಂಧಿಸಿದ ಮಾದರಿಯನ್ನೇ ಒಂದು ಪ್ರಯೋಗಾಲಯದಿಂದ ಇನ್ನೊಂದಕ್ಕೆ ಸುತ್ತಿಸುತ್ತಾರೆ. ಹೊರಗೆ ಸಂಕೇತ ಸಂಖ್ಯೆ ಮಾತ್ರ. ಎಷ್ಟು ಎಳೆ ಇರಬೇಕೆಂಬುದು ಎಣಿಸುವವರಿಗೆ ತಿಳಿದಿರಕೂಡದು.

ಎಲ್ಲ ಉತ್ತರಗಳೂ ಬಂದಮೇಲೆ ಅನುಭವವುಳ್ಳ ಪ್ರಯೋಗಾಲಯಗಳ ಎಣಿಕೆಯನ್ನು ಆಧಾರವಾಗಿಟ್ಟುಕೊಂಡು ಒಪ್ಪಿತ ಸಂಖ್ಯೆಯನ್ನು ನಿರ್ಧರಿಸಿ, ಅದರಿಂದ ಬಹುದೂರ ಸರಿದವರಿಗೆ ತಿಳಿಸುತ್ತಾರೆ. ಅವರು ಸೂಕ್ಷ್ಮದರ್ಶಕವನ್ನು ಸರಿಪಡಿಸಿಕೊಳ್ಳಬೇಕು, ಮತ್ತೆ ತರಬೇತಿ ಹೊಂದಬೇಕು. ಅಮೆರಿಕದಲ್ಲಿ ಪ್ರಯೋಗಾಲಯಗಳ ಪ್ರಾವೀಣ್ಯ ಪರೀಕ್ಷೆಯ ಯೋಜನೆ 1972ರಲ್ಲಿ ಆರಂಭವಾಯಿತು. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಪ್ರಯೋಗಾಲಯವು ಹಲವು ದೇಶಗಳ ಪ್ರಯೋಗಾಲಯಗಳಿಗೆ ನಡೆಸಿದ ಇಂತಹ ಯೋಜನೆಗೆ ಆಫ್ರಿಕ ಎಂದು ಹೆಸರು. ಅದು ಖಂಡದ ಹೆಸರಲ್ಲ; ಯೋಜನೆಯ ಉದ್ದ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಮಾಡಿದ್ದು. ನಮ್ಮಲ್ಲಿ 1966ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿತವಾದ ಸಂಸ್ಥೆಯು ಇಂದು ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಎಂಬ ಹೆಸರಿನಿಂದ ದುಡಿಮೆಗಾರರ ರೋಗಗಳ ಅಧ್ಯಯನ ನಡೆಸುತ್ತಿದೆ. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರವು ಬೆಂಗಳೂರಿನಲ್ಲಿದೆ.

ಈ ವಿಧಾನಕ್ಕೂ ಒಂದು ಮಿತಿಯುಂಟು. 0.2 ಮೈಕ್ರಾನಿಗಿಂತ ತೆಳುವಾದ ಎಳೆಗಳನ್ನು ಸಾಧಾರಣವಾಗಿ ಈ ಸೂಕ್ಷ್ಮದರ್ಶಕ ತೋರಿಸಲಾರದು. ಕಂಡ ಎಳೆ ಕಲ್ನಾರೇ ಅಥವಾ ಬೇರೆ ನಾರೇ ಎಂಬುದನ್ನೂ ಖಚಿತವಾಗಿ ಹೇಳಲಾರದು. ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಆದ್ದರಿಂದ ಅಂಕಿ ಸೊನ್ನೆಯ ಹತ್ತಿರವಿದ್ದರೂ ಧೂಳು ಎಬ್ಬಿಸದಿರುವ ಎಚ್ಚರಿಕೆಯನ್ನು ಬಿಡಬಾರದು.

ಕಾಯಿದೆ ಏನು ಹೇಳುತ್ತದೆ?

1995ರ ಜನವರಿ 27ರಂದು ಸರ್ವೋಚ್ಚ ನ್ಯಾಯಾಲಯವು ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವು ಸಲ್ಲಿಸಿದ್ದ ಅರ್ಜಿಯ ಮೇಲೆ ತೀರ್ಪು ಕೊಟ್ಟು, ದುಡಿಮೆಗಾರನ ಆರೋಗ್ಯವು ಅವನ ಜೀವಿಸುವ ಹಕ್ಕಿನಲ್ಲಿಯೇ ಸೇರಿದೆಯೆಂದು ಸಾರಿತು. ಕಲ್ನಾರಿನ ಕಾರ್ಖಾನೆಗಳೆಲ್ಲ ಶೋಧಕ ಪೊರೆಯ ಪರೀಕ್ಷೆಯನ್ನು ಅನುಸರಿಸತಕ್ಕದ್ದೆಂದು ಆಜ್ಞಾಪಿಸಿತು. ಪ್ರತಿಯೊಬ್ಬ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಪಾಡತಕ್ಕದ್ದೆಂದೂ ವಿಧಿಸಿತು. ರೋಗವು ತಡವಾಗಿ ಬರುವುದರಿಂದಲೇ ಇಷ್ಟು ದೀರ್ಘಾವಧಿ. ಆಸ್ಬೆಸ್ಟೋಸಿಸ್ ಎಂಬುದು ವೈದ್ಯರು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಔದ್ಯೋಗಿಕ ರೋಗ.

ತಾವು ಮಾಡತಕ್ಕದ್ದು

ಮಾಕುಟ್ಟವು ಗಡಿಯ ಊರು. ವಿರಾಜಪೇಟೆಯಿಂದ ಘಾಟಿಯಿಳಿದು ಬರುವ ರಸ್ತೆ ಇಲ್ಲಿಂದ ಕೂಟುಪೊಳೆಯನ್ನು ದಾಟಿ ಇರಿಟ್ಟಿಯ ಕಡೆಗೆ ಸಾಗುತ್ತದೆ. ಆ ದಾರಿಯಲ್ಲಿ ಕಟ್ಟಡದ ಕೆಲಸಕ್ಕೆ, ಹಳೆಯ ಮನೆ ಕೆಡವುವ ಕೆಲಸಕ್ಕೆ, ಕಾರ್ಖಾನೆಯ ಕೆಲಸಕ್ಕೆ ಹೋಗುವವರು ಈ ಮಾತುಗಳನ್ನು ನೆನಪಿನಲ್ಲಿಡಬೇಕು.

ಕಲ್ನಾರನ್ನು ಬಳಸುವ ಕಾರ್ಖಾನೆಯಲ್ಲಿ ದುಡಿಯುವವರು ಮೂರು ಪ್ರಶ್ನೆಗಳನ್ನು ಕೇಳಲು ಸಂಕೋಚಪಡಬಾರದು. ಗಾಳಿಯ ಪರೀಕ್ಷೆ ಯಾವ ದಿನ ಆಯಿತು? ಬಂದ ಸಂಖ್ಯೆ ಎಷ್ಟು? ಎಣಿಸಿದ ಪ್ರಯೋಗಾಲಯವು ತಪಾಸಣಾ ಮಾದರಿಗಳ ಪರೀಕ್ಷೆಯಲ್ಲಿ ಭಾಗವಹಿಸಿ ಉತ್ತೀರ್ಣವಾಗಿದೆಯೇ? ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಎರಡನೆಯ ಉತ್ತರಕ್ಕೆ ಬೆಲೆ ಕಡಮೆ. ಪಂಪನ್ನು ಕಟ್ಟಿದ ದಿನ ಮಾತ್ರ ಧೂಳಿಲ್ಲದ ಮೂಲೆಯಲ್ಲಿ ನಿಲ್ಲಿಸಿದರೆ ಅದನ್ನು ಒಪ್ಪಬೇಡಿರಿ. ನಿತ್ಯದ ಕೆಲಸವನ್ನೇ ಮಾಡಿರಿ. ಎಕ್ಸ್‌ರೇ ಹಾಗೂ ಉಸಿರಿನ ಪರೀಕ್ಷೆಯ ಕಾಗದಗಳ ಪ್ರತಿಯನ್ನು ಪಡೆದು ಪಡಿತರ ಚೀಟಿಯೊಡನೆ ಜೋಪಾನವಾಗಿಡಿ. ನಾನು ಇಂತಹ ಕೆಲಸ ಮಾಡಿದ್ದೆ ಎಂದು ಮುಂದೆ ಯಾವ ವೈದ್ಯರ ಬಳಿಗೆ ಹೋದರೂ ಹೇಳಿರಿ.

ಕೆಲಸದ ಬಟ್ಟೆಯನ್ನು ಕೆಲಸದ ಸ್ಥಳದಲ್ಲಿಯೇ ಬಿಟ್ಟು, ಸ್ನಾನ ಮಾಡಿ, ಬೇರೆ ಬಟ್ಟೆಯಲ್ಲಿ ಮನೆಗೆ ಬರುವುದು ಉತ್ತಮ. ಬಟ್ಟೆ ಮನೆಗೆ ಬಂದೇ ಬಂದರೆ ಅದನ್ನು ಕೊಡವಕೂಡದು. ನೇರವಾಗಿ ನೀರಿನಲ್ಲಿ ಮುಳುಗಿಸಿ, ಮಕ್ಕಳ ಬಟ್ಟೆಯಿಂದ ಪ್ರತ್ಯೇಕವಾಗಿ ಒಗೆಯಬೇಕು. ಆ ಅಂಗಿಯಲ್ಲಿಯೇ ಮಗುವನ್ನು ಎತ್ತಿಕೊಳ್ಳಬಾರದು. ಗರ್ಭಿಣಿಯಿಂದ ಆ ಬಟ್ಟೆ ಒಗೆಸಬೇಡಿ. ಒಗೆಯುವ ಕೆಲಸವನ್ನು ಗಂಡನೇ ಮಾಡಿದರೆ ಅವನ ಗೌರವಕ್ಕೇನೂ ಕುಂದಿಲ್ಲ.

ಮನೆಯ ಚಾವಣಿಯ ಶೀಟು ಗಟ್ಟಿಯಾಗಿದ್ದರೆ ಹಾಗೆಯೇ ಇರಲಿ. ಮಳೆಗಾಲ ಕಳೆದಮೇಲೆ ಪಾಚಿ ತೆಗೆಯಲೆಂದು ತಂತಿಯ ಬ್ರಷ್ಷಿನಿಂದ ಒಣಗಿದ ಶೀಟನ್ನು ಉಜ್ಜಬೇಡಿ. ತೆಗೆಯಬೇಕಾಗಿ ಬಂದರೆ ನೀರು ಹೊಯ್ದು ನೆನೆಸಿ, ಮೊಳೆ ಬೋಲ್ಟುಗಳನ್ನು ಬಿಡಿಸಿ, ಇಡಿಯಾಗಿ ಕೆಳಗಿಳಿಸಿ. ವಿದ್ಯುತ್ ಗರಗಸದಿಂದ ಕೊಯ್ಯಬೇಡಿ. ಒಡೆದ ಚೂರುಗಳನ್ನು ಪುಡಿಮಾಡಿ ಅಂಗಳದ ಹೊಂಡಕ್ಕೆ ತುಂಬಬೇಡಿ, ಮಕ್ಕಳ ಆಟಕ್ಕೆ ಬಿಡಬೇಡಿ. ನೆನೆಸಿ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟು, ವಿಲೇವಾರಿಯ ಬಗ್ಗೆ ಪಂಚಾಯತಿಯವರನ್ನು ವಿಚಾರಿಸಿ. ಉದುರಿದ ಪುಡಿಯನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಮೂಗಿಗೆ ಟವೆಲು ಕಟ್ಟಿದ ಮಾತ್ರಕ್ಕೆ ಈ ಎಳೆಗಳು ನಿಲ್ಲುವುದಿಲ್ಲ. 2018ರ ಮಳೆಗಾಲದಲ್ಲಿ ಈ ಘಾಟಿಯ ಗುಡ್ಡಗಳು ಕುಸಿದು ರಸ್ತೆ ಮುಚ್ಚಿದುದನ್ನು ತಾವು ಬಲ್ಲಿರಿ. ಅಂತಹ ಸಂದರ್ಭದಲ್ಲಿ ಮುರಿದ ಚಾವಣಿಗಳನ್ನು ತೆರವು ಮಾಡುವಾಗಲೂ ಈ ನಿಯಮಗಳನ್ನೇ ಪಾಲಿಸತಕ್ಕದ್ದು. ಹೊಸದಾಗಿ ಚಾವಣಿ ಹಾಕಿಸುವವರು ಅನುಕೂಲವಿದ್ದರೆ ಹಂಚನ್ನೋ ಕಲ್ನಾರಿಲ್ಲದ ಶೀಟನ್ನೋ ಕೇಳಿ ಕೊಳ್ಳುವುದು ಲೇಸು. ಬೀಡಿಯನ್ನು ಇಂದೇ ಬಿಟ್ಟುಬಿಡಿ.

ಬಂಧುಗಳೆ, ಎಲ್ಲಿಯೋ ಒಂದು ಪ್ರಯೋಗಾಲಯದಲ್ಲಿ ಒಬ್ಬರು ಸೂಕ್ಷ್ಮದರ್ಶಕದ ಮುಂದೆ ಕುಳಿತು ಸಂಕೇತ ಸಂಖ್ಯೆಯ ಗಾಜೊಂದನ್ನು ವೃತ್ತ ವೃತ್ತವಾಗಿ ಎಣಿಸುತ್ತಿರುತ್ತಾರೆ. ಅದು ತಮ್ಮ ಕಾರ್ಖಾನೆಯ ಗಾಳಿಯೋ ತಮ್ಮನ್ನು ಪರೀಕ್ಷಿಸಲು ಬಂದ ಮಾದರಿಯೋ ಎಂಬುದು ಅವರಿಗೆ ತಿಳಿಯದು. ತಿಳಿಯದಿರುವುದರಿಂದಲೇ ಪ್ರತಿಯೊಂದನ್ನೂ ಸಮಾನ ಶ್ರದ್ಧೆಯಿಂದ ಎಣಿಸುತ್ತಾರೆ. ಆ ಶ್ರದ್ಧೆಯನ್ನು ಕೇಳಿ ಪಡೆಯುವ ಹಕ್ಕು ತಮ್ಮದು. ಮನೆಯ ಬಾಗಿಲಿನಲ್ಲಿ ಧೂಳಿನ ಅಂಗಿಯನ್ನು ತಡೆಯುವ ಕರ್ತವ್ಯವೂ ತಮ್ಮದು. ಎರಡನ್ನೂ ದಂಪತಿಗಳು ಕೂಡಿ ನಿರ್ವಹಿಸಿದರೆ ಸಂಸಾರಕ್ಕೆ ಶ್ರೇಯಸ್ಸು.